ಕೊಂಬಿನ ಗೂಬೆಯ ಗುಟ್ಟು

ಹುಣಸೂರಿನ ಹೈಸ್ಕೂಲಿನಲ್ಲಿ ಪಾಠ ಹೇಳುವ ನಾನು ಕ್ಯಾಮೆರಾ ಕೊಂಡದ್ದು ನಲವತ್ತು ದಾಟಿದ ಮೇಲೆ. ಭಾನುವಾರ ಬಂತೆಂದರೆ ಮೊದಲ ಬಸ್ಸು ಹಿಡಿದು ಬೆಟ್ಟದಪುರದ ಕಡೆ ಹೊರಡುತ್ತಿದ್ದೆ. ಸೊಂಟದವರೆಗೆ ಮಂಜು ಹೊದ್ದು ನಿಂತ ಆ ಬೆಟ್ಟವನ್ನು ಎಷ್ಟು ಸಲ ತೆಗೆದೆನೋ ನನಗೇ ಗೊತ್ತಿಲ್ಲ. ಅಲ್ಲೇ ಹತ್ತಿರದ ಹಳ್ಳಿಯಲ್ಲಿ ನನ್ನ ಸೋದರತ್ತೆಯ ಮನೆ. ಹೊಗೆಸೊಪ್ಪಿನ ಹೊಲ, ಒಂದಷ್ಟು ಮೇಕೆ ಅವರ ಬದುಕು. ಒಂದು ದಿನ ನನ್ನ ಫೋಟೊಗಳನ್ನೆಲ್ಲ ನೋಡಿದ ಅತ್ತೆ ಕೇಳಿಯೇ ಬಿಟ್ಟರು:

"ಅದೇ ಬೆಟ್ಟನ ಎಷ್ಟು ಸಲ ತೆಗೀತೀಯವ್ವ? ಬಾ, ಒಂದು ತೋರುಸ್ತೀನಿ. ಯಾರ್ಗೂ ಏಳ್ಬಾರ್ದು ಕಣೆ."

ಮೇಕೆಗಳನ್ನು ಮನೆಯಲ್ಲೇ ಕಟ್ಟಿ, ಅವರು ನನ್ನನ್ನು ಬೇರೊಂದು ಕಲ್ಲುಗುಡ್ಡಕ್ಕೆ ಹತ್ತಿಸಿದರು. ಶೂ ಹಾಕಿಕೊಂಡ ನಾನು ಹೆಜ್ಜೆ ಹೆಜ್ಜೆಗೂ ಜಾರುತ್ತಿದ್ದೆ. ಹವಾಯಿ ಚಪ್ಪಲಿಯ ಅತ್ತೆ ಸೆರಗು ಸಿಕ್ಕಿಸಿಕೊಂಡು ಸರಸರ ಹತ್ತಿದರು. ಒಂದು ಕಡೆ ತಟ್ಟನೆ ನನ್ನ ಕೈ ಹಿಡಿದು ಪೊದೆಯ ಹಿಂದೆ ಕೂರಿಸಿದರು. ಎದುರು ಬಂಡೆಯ ಸಂದಿನಲ್ಲಿ ಹತ್ತಿಯ ಉಂಡೆಯಂಥ ಎರಡು ಮರಿಗಳು. ಅವುಗಳ ಪಕ್ಕದಲ್ಲಿ ತಾಯಿ, ತಲೆಯ ಮೇಲೆ ಪುಕ್ಕದ ಕೊಂಬು, ಕೆಂಡದಂಥ ಕಣ್ಣು.

"ಗೂಬೆ!" ಎಂದೆ.

"ಮೆಲ್ಲುಗೆ! ಸಕುನ ಕೆಟ್ಟದ್ದು ಅಂತ ಕಂಡೋರೆಲ್ಲ ಕಲ್ಲೊಡೀತಾರೆ. ನಮ್ಮ ರಾಗೀಗ್ ಬರೋ ಇಲಿ ತಿನ್ನೋದು ಇದೇ ಕಣವ್ವ. ಮೇಕೆ ಇಂದೆ ಜನ ಬತ್ತಾರೆ ಅಂತ ಒಂದ್ ತಿಂಗ್ಳಿಂದ ಈ ಕಡೀಕೆ ಮೇಕೆನೇ ಒಡೆದಿಲ್ಲ ನಾನು."

ನನಗೆ ಆಸೆ ತಡೆಯಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋದೆ. ತಾಯಿ ಕೊಕ್ಕು ಕಟಕಟಿಸಿ ಎದ್ದು ಹಾರಿತು. ಮರಿಗಳ ಮೇಲೆ ಬಿಸಿಲು ಬಿತ್ತು.

"ಸಾಕು ಬುಡು, ಬಾ ಇಂದಕ್ಕೆ," ಎಂದು ಅತ್ತೆ ನನ್ನ ಕುರ್ತಾ ಹಿಡಿದೆಳೆದರು. "ಅವ್ರವ್ವ ಬರ್ಲಿ."

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ದೂರ ಸರಿದು ಕೂತೆವು. ತಾಯಿ ಮರಳಿ ಬರುವವರೆಗೂ ಅತ್ತೆ ಆ ಬಂಡೆಯ ಸಂದಿನಿಂದ ಕಣ್ಣು ಕೀಳಲಿಲ್ಲ. ಅದು ಬಂದು ಮರಿಗಳಿಗೆ ನೆರಳಾಗಿ ನಿಂತಾಗ, ಕಣ್ಣೊರೆಸಿಕೊಂಡು, "ಈಗ ತೆಗಿ" ಎಂದರು. ಅಷ್ಟು ದೂರದಿಂದ ಒಂದೇ ಒಂದು ಫೋಟೊ ತೆಗೆದೆ. ಕೊಂಚ ಮಸುಕಾಗಿದೆ.

ಜಾಗ ತಿಳಿಸದೆ ಅದನ್ನು ಫೋಟೊ ಹವ್ಯಾಸಿಗಳ ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದೆ. ನನಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸಿದ್ದ ಹಿರಿಯರೊಬ್ಬರು ಆ ಸಂಜೆಯೇ ಫೋನ್ ಮಾಡಿ ಜಾಗ ಕೇಳಿದರು. ಹೇಳಲಿಲ್ಲ. "ನನಗೂ ಹೇಳಲ್ವೇನಮ್ಮಾ?" ಎಂದು ನೊಂದುಕೊಂಡವರು ಎಷ್ಟೋ ದಿನ ನನ್ನ ಕರೆ ತೆಗೆದುಕೊಳ್ಳಲಿಲ್ಲ. ಬೇಸರವಾಯಿತು, ಆದರೂ ಬಾಯಿ ಬಿಡಲಿಲ್ಲ.

ಬೇಸಿಗೆಯಲ್ಲಿ ಸ್ಟಾಫ್ ರೂಮಿನಲ್ಲಿದ್ದಾಗ ಅತ್ತೆಯ ಫೋನ್ ಬಂತು. "ಎರಡೂ ಆರೋದ್ವು ಕಣೆ! ಒಂದು ಮೊದ್ಲು ಎದ್ರುಕೊಂಡು ಕೂತಿತ್ತು. ಅವ್ರವ್ವ ಕರೆದೂ ಕರೆದೂ ಆರುಸ್ಕೊಂಡೋಯ್ತು."

ಆ ಮಸುಕು ಫೋಟೊಗೆ ಕಟ್ಟು ಹಾಕಿಸಿ ಅತ್ತೆಗೆ ಕೊಟ್ಟೆ. ಅದನ್ನು ನಡುಮನೆಯಲ್ಲೇ ತೂಗುಹಾಕಿದ್ದಾರೆ. ಗೂಬೆ ಪಟ ಯಾಕೆ ಎಂದು ಯಾರಾದರೂ ಹುಬ್ಬೇರಿಸಿದರೆ ಅತ್ತೆ ಕಣ್ಣು ಮಿಟುಕಿಸದೆ ಹೇಳುತ್ತಾರೆ: "ನಮ್ಮಣ್ಣನ ಮಗಳು ಮೈಸೂರು ಜೂ ಒಳ್ಗೆ ತೆಗ್ದಿದ್ದು ಕಣ್ರವ್ವ."