ಗೀರಪ್ಪನವರು ಕ್ಯಾಮೆರಾ ಕೊಂಡದ್ದು

ನಿಮ್ಮ ಕಾರು ಕಂಬಕ್ಕೆ ಗುದ್ದುತ್ತದೆ. ನೀವು ತಲೆ ಮೇಲೆ ಕೈ ಹೊತ್ತು ಕೂರುತ್ತೀರಿ. ಆಗ ವಿಮಾ ಕಂಪನಿಯಿಂದ ಒಬ್ಬರು ಬರುತ್ತಾರೆ. ನಿಮ್ಮ ಮುಖದ ಕಡೆ ತಿರುಗಿಯೂ ನೋಡದೆ ಬಾನೆಟ್ಟಿನ ಮುಖವನ್ನು ದಿಟ್ಟಿಸಿ, ಕೈಯಲ್ಲಿ ಹಿಡಿಯುವಷ್ಟು ಪುಟ್ಟ ಕ್ಯಾಮೆರಾದಲ್ಲಿ ಫೋಟೋ ತೆಗೆದು, "ಇದು ಇವತ್ತಿನ ನೆಗ್ಗು, ಒಪ್ಪಿದೆ. ಪಕ್ಕದ ಗೀರು ಮಾತ್ರ ಹಳೇದು" ಎಂದು ತೀರ್ಪು ಕೊಟ್ಟು ಹೊರಡುತ್ತಾರೆ. ಈ ಧೀರನೇ ನಮ್ಮ ಕಥಾನಾಯಕ. ಕೆಲಸ ಸರ್ವೇಯರ್. ಗ್ಯಾರೇಜಿನವರು ದಯಪಾಲಿಸಿದ ಬಿರುದು ಗೀರಪ್ಪ. ಮಾಲೀಕರು ಕಣ್ಣೀರಿಟ್ಟು ಹೊಸದೆಂದು ಸಾಧಿಸಿದ ಎಷ್ಟೋ ಹಳೆಯ ಗೀರುಗಳು ಇವರ ನೋಟದ ಮುಂದೆ ತಾವಾಗಿಯೇ ತಪ್ಪೊಪ್ಪಿಕೊಂಡಿವೆ.

ಅವರ ಯುದ್ಧನೀತಿ ಸರಳವಾದದ್ದು. ನಾಲ್ಕು ಮೂಲೆಯಿಂದ ಒಂದೊಂದು ಫೋಟೋ, ನಂಬರ್ ಪ್ಲೇಟಿನದೊಂದು, ಆಮೇಲೆ ಪೆಟ್ಟು ಬಿದ್ದ ಜಾಗಕ್ಕೆ ಬಗ್ಗಿ, ಗಾತ್ರ ತಿಳಿಯಲೆಂದು ಪಕ್ಕದಲ್ಲಿ ಜೇಬಿನ ಪೆನ್ನಿಟ್ಟು ಒಂದು. ಇದೇ ನೀತಿಯನ್ನು ಮನೆಯಲ್ಲೂ ನಡೆಸಿದ್ದರಿಂದ ಅವರ ಆಲ್ಬಮ್ ನೋಡುವಂಥದ್ದು. ಮಗಳು ಸೈಕಲ್ ಕಲಿತ ದಿನದ ನೆನಪಿಗೆ ತರಚಿದ ಮೊಣಕಾಲು, ಪಕ್ಕದಲ್ಲಿ ಪೆನ್ನು. ಸಮುದ್ರಕ್ಕೆ ಹೋದ ನೆನಪಿಗೆ ತುಕ್ಕು ಹಿಡಿದ ಕಂಬಿ. "ಅಪ್ಪ ಫೋಟೋ ತೆಗೆದ್ರೆ ನಮ್ಮ ಮನೆಗೇ ಆಕ್ಸಿಡೆಂಟ್ ಆದ ಹಾಗಿರುತ್ತೆ" ಎಂದು ಮಗಳು ಮದುವೆಯಾಗಿ ಹೋಗುವ ಮುಂಚೆಯೇ ಹೇಳಿದ್ದಳು. ಹೆಂಡತಿ ಆಲ್ಬಮ್ಮಿನಲ್ಲಿ ಇಲ್ಲವೆನ್ನುವಂತಿಲ್ಲ. ಸೀಳಿದ ಬಕೆಟ್ಟನ್ನು ಎತ್ತಿ ಹಿಡಿದ ಕೈ ಆಕೆಯದೇ.

ನಿವೃತ್ತಿಯ ದಿನ ಗೀರಪ್ಪನವರು ಸೋತ ಸೇನಾಪತಿ ಖಡ್ಗ ಒಪ್ಪಿಸುವಂತೆ ಆಫೀಸಿನ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಮನೆಗೆ ಬಂದರು. ಬಂದವರು ಬಾಗಿಲ ಸಂದು, ಗೋಡೆಯ ಬಿರುಕು ನೋಡುತ್ತ ದಿನ ದೂಡುತ್ತಿದ್ದರು. ಹೆಂಡತಿಗಿನ್ನೂ ನೌಕರಿಯಿತ್ತು. ಆಸ್ಪತ್ರೆಯ ಹಾಸಿಗೆ ಬಟ್ಟೆಗಳ ಉಗ್ರಾಣ ಆಕೆಯ ಸುಪರ್ದಿಯಲ್ಲಿತ್ತು. ಒಂದು ಸಂಜೆ ಬಂದವಳೇ ಚಪ್ಪಲಿ ಬಿಡುತ್ತ ಹೇಳಿದಳು:

"ರೀ, ಒಂದು ಕ್ಯಾಮೆರಾ ತಗೊಳ್ಳೋಣ."

"ಯಾಕೆ? ಯಾರು ಯಾರಿಗೆ ಗುದ್ದಿದ್ರು?"

"ಯಾರೂ ಗುದ್ದಿಲ್ಲ. ನನ್ನದೊಂದು ಒಳ್ಳೇ ಫೋಟೋ ಬೇಕು."

"ಫೋನ್ ಇದೆಯಲ್ಲ."

"ಅದು ಮುಖಕ್ಕೆ ಸುಣ್ಣ ಹೊಡೆದು ಕೊಡುತ್ತೆ. ನನಗೆ ನನ್ನ ಮುಖ ಬೇಕು."

"ಹಂಗಾದ್ರೆ ಸ್ಟುಡಿಯೋಗೆ ಹೋಗು."

"ಊರವರ ಕಾರನ್ನೆಲ್ಲ ತೆಗೆದಿದೀರಿ, ಹೆಂಡ್ತೀದು ಒಂದು ತೆಗೆಯೋಕೆ ಕೈ ನೋಯುತ್ತಾ? ದುಬಾರಿದು ಬೇಡ. ಆಮೇಲೆ ನಿಮಗೂ ದಿನಾ ಬಳಸೋಕೆ ಆಗುತ್ತೆ. ಆದ್ರೆ ಈ ವಾರವೇ ತಗೋಬೇಕು."

ಈ ವಾರವೇ ಏಕೆ ಎಂದು ಕೇಳುವುದು ಗಂಡನ ಕೆಲಸ. ಗೀರಪ್ಪನವರು ಸರ್ವೇಯರ್ ಆಗಿ, "ಎಷ್ಟು ಮೆಗಾಪಿಕ್ಸೆಲ್ ಇರಬೇಕು?" ಎಂದು ಕೇಳಿದರು.

ಕ್ಯಾಮೆರಾ ಅಂಗಡಿಯಲ್ಲಿ ಈಗ ಫೋನಿನ ಕವಚಗಳದೇ ರಾಜ್ಯಭಾರ. ಪುಟ್ಟ ಕ್ಯಾಮೆರಾಗಳು ಮೂಲೆಯ ಗಾಜಿನ ಕಪಾಟಿನಲ್ಲಿ ಪದಚ್ಯುತ ರಾಜರಂತೆ ಧೂಳು ಹೊದ್ದು ಕೂತಿದ್ದವು. ಕನ್ನಡಕವನ್ನು ತಲೆಗೇರಿಸಿಕೊಂಡಿದ್ದ ಅಂಗಡಿಯಾಕೆ ಮೊದಲು ಒಂದು ಗುಲಾಬಿ ಬಣ್ಣದ್ದನ್ನು ಹೊರತೆಗೆದಳು. "ಅರವತ್ನಾಲ್ಕು ಮೆಗಾಪಿಕ್ಸೆಲ್ ಸಾರ್. ಇದೇ ಎಲ್ಲಕ್ಕಿಂತ ಅಗ್ಗ."

ಗೀರಪ್ಪನವರು ಹೆಂಡತಿಯನ್ನು ನಿಲ್ಲಿಸಿ ಒಂದು ತೆಗೆದು, ಹಿಂದಿನ ಪರದೆಯಲ್ಲಿ ಹಿಗ್ಗಿಸಿ ನೋಡಿದರು. "ಕೂದಲೆಲ್ಲ ಒಂದೇ ಮುದ್ದೆ ಆಗಿದೆ. ಡಬ್ಬದ ಮೇಲಿನ ಅಂಕಿ ದೊಡ್ಡದು, ಒಳಗಿನ ಕಣ್ಣು ಸಣ್ಣದು. ಬೇರೆ ತೋರಿಸಮ್ಮ."

"ಇದನ್ನ ನೋಡಿ. ಏನ್ ಜೂಮು ಅಂತೀರಿ! ಚಂದ್ರನ ಮೇಲಿನ ಗುಳಿನೂ ಕಾಣುತ್ತೆ."

"ಚಂದ್ರನಿಗೆ ವಿಮೆ ಇಲ್ಲಮ್ಮ."

ಅಂಗಡಿಯಾಕೆ ನಕ್ಕು, ಕಪಾಟಿನ ಹಿಂದುಗಡೆಯಿಂದ ಸಾಬೂನಿನ ಗಾತ್ರದ ಕಪ್ಪು ಕ್ಯಾಮೆರಾ ತಂದಳು. ಹಳೇ ಮಾಡೆಲ್, ಒಂದೇ ಉಳಿದಿದೆ, ಜೂಮು ಕಡಿಮೆ, ಆದರೆ ಲೆನ್ಸು ಚೆನ್ನಾಗಿದೆ, ಬೆಲೆಯಲ್ಲೂ ಬಿಟ್ಟುಕೊಡುತ್ತೇನೆ ಎಂದಳು. ಗೀರಪ್ಪನವರು ಅದನ್ನು ಅಂಗೈಯಲ್ಲಿ ತೂಗಿ ನೋಡಿದರು. ಮುಖ ಅರಳಿತು. ಇದಕ್ಕೆ ಪೂರ್ತಿ ಪರೀಕ್ಷೆಯೇ ಆಗಲಿ ಎಂದು ಹೆಂಡತಿಗೆ ಅಪ್ಪಣೆ ಕೊಡಿಸಿದರು: "ತಿರುಗು. ಇನ್ನೂ ಸ್ವಲ್ಪ. ಈಗ ಎಡಗಡೆ ತೋರಿಸು. ಆ ಶಾಲು ಅಡ್ಡ ಬರ್ತಿದೆ, ಸರಿಸು."

ಶಾಲು ಸರಿಸಲು ಆಕೆ ಹಿಂದುಮುಂದು ನೋಡಿದಳು. ಆಮೇಲೆ ಸರಿಸಿದಳು.

ಬಲಗಡೆಯದನ್ನು ಎಡಗಡೆಯದರ ಜೊತೆ ಹೋಲಿಸುವುದು ಸರ್ವೇಯರ್ ವಿದ್ಯೆಯ ಮೊದಲ ಪಾಠ. ಗೀರಪ್ಪನವರು ಪರದೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಹೋದರು. ಮತ್ತೊಮ್ಮೆ ಹೋದರು. ಎಡಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ, ಬಲಗಡೆ ಇಲ್ಲದ ಒಂದು ಉಬ್ಬಿತ್ತು. ಗೋಲಿಗಿಂತ ದೊಡ್ಡದು.

"ಇದೇನೇ ಇದು?"

ಕೇಳುತ್ತಲೇ ಅವರ ಕೈ ತಾನಾಗಿಯೇ ಜೇಬಿನ ಪೆನ್ನಿಗೆ ಹೋಯಿತು. ಆಕೆ ನೋಡಿಬಿಟ್ಟಳು.

"ಪೆನ್ನಿಡ್ತೀರಾ ಪಕ್ಕದಲ್ಲಿ?"

ಕೈ ಕೆಳಗಿಳಿಯಿತು. "ಇದು... ಹೊಸದಲ್ಲ."

"ಎಷ್ಟು ಹಳೇದು, ಹೇಳಿ ನೋಡೋಣ. ಒಂದು ಸಲ ನೋಡಿದ್ರೆ ಸಾಕು, ಹೇಳಿಬಿಡ್ತೀರಂತಲ್ಲ."

ಗೀರಪ್ಪನವರು ಕ್ಯಾಮೆರಾವನ್ನು ಮೇಜಿನ ಮೇಲಿಟ್ಟರು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಅವರೂ ನಾಲ್ಕು ಜನರಿಗೆ ಹೇಳಿ ನಗಿಸಿದ್ದವರೇ. ಅಂಗಡಿಯಾಕೆ ಇದ್ದಕ್ಕಿದ್ದಂತೆ ಕಪಾಟಿನೊಳಗೆ ತಲೆ ತೂರಿಸಿ ಏನನ್ನೋ ಹುಡುಕತೊಡಗಿದಳು.

"ನಮ್ಮ ಆಸ್ಪತ್ರೇಲೇ ತೋರಿಸಿದೀನಿ," ಎಂದಳು ಹೆಂಡತಿ, ದಿಂಬಿನ ಹೊದಿಕೆಯ ವಿಷಯ ಹೇಳುವಂತೆ. "ಸೂಜಿ ಹಾಕಿ ಪರೀಕ್ಷೆ ಮಾಡಿದ್ರು. ಕೆಟ್ಟ ಗಡ್ಡೆನೇ. ಮುಂದಿನ ವಾರ ಆಪರೇಷನ್ನು."

"ತೆಗೆದ್ರೆ ಹೋಗುತ್ತಲ್ವಾ?"

"ಗಡ್ಡೆ ಹೋಗುತ್ತೆ. ಆದ್ರೆ ಮುಖ ಆಡಿಸೋ ನರ ಅದರ ಮಧ್ಯದಲ್ಲೇ ಹಾದು ಹೋಗಿದೆಯಂತೆ. ಅದು ಉಳಿಯೋದು ಕಷ್ಟ ಅಂದ್ರು. ಆಮೇಲೆ ಈ ಕಡೆ ಮುಖ ಜೋತು ಬೀಳುತ್ತೆ."

"ನನಗ್ಯಾಕೆ ಹೇಳ್ಲಿಲ್ಲ?"

"ನೀವೇ ನೋಡ್ತೀರೇನೋ ಅಂತ ಕಾದೆ." ಆಕೆ ಶಾಲು ಮತ್ತೆ ಹೊದ್ದುಕೊಂಡಳು. "ಹೋಗ್ಲಿ ಬಿಡಿ. ಜೀವಮಾನವೆಲ್ಲ ಪೆಟ್ಟು ಬಿದ್ದ ಮೇಲೆ ಹೋಗಿ ಫೋಟೋ ತೆಗೆದ್ರಿ. ಇದೊಂದು ಸಲ ಬೀಳೋಕೆ ಮುಂಚೆ ತೆಗೀರಿ."

ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕುವವರನ್ನು ಕಂಡು ಲೋಕ ನಗುತ್ತದೆ. ಸೂರೆಯಾದ ಮೇಲೆಯೇ ಬಂದು ಬಾಗಿಲಿನ ಫೋಟೋ ತೆಗೆಯುವುದಕ್ಕೆ ಸಂಬಳ ಪಡೆದವರು ಗೀರಪ್ಪನವರು. ಒಡೆಯದ ಗಾಜಿನ ಮುಂದೆ, ನೆಗ್ಗದ ಬಾಗಿಲಿನ ಮುಂದೆ ಅವರು ಎಂದೂ ನಿಂತವರಲ್ಲ. ಅಂಥ ಕಡೆಗೆ ಅವರನ್ನು ಯಾರೂ ಕರೆದಿರಲಿಲ್ಲ.

ಕಪ್ಪು ಕ್ಯಾಮೆರಾವನ್ನೇ ಕೊಂಡರು. ಅಂಗಡಿಯಾಕೆ ಚೌಕಾಸಿಗೆ ಮುಂಚೆಯೇ ಬೆಲೆ ಇಳಿಸಿ, ಮೇಲೊಂದು ಚೀಲ ಹಾಕಿಕೊಟ್ಟಳು.

ಮರುದಿನ ಬೆಳಗ್ಗೆ ಹಜಾರದ ಕಿಟಕಿಯ ಪಕ್ಕ ಕುರ್ಚಿ ಹಾಕಿ ಆಕೆ ಕೂತಳು. ತಲೆ ಬಾಚಿ, ತಿಳಿನೀಲಿ ಬಟ್ಟೆ ಉಟ್ಟಿದ್ದಳು. ಗೀರಪ್ಪನವರು ಕಾಲು ಅಗಲಿಸಿ, ಉಸಿರು ಹಿಡಿದು, ಬಟನ್ ಒತ್ತಿದರು. ಎಲ್ಲ ಫೋಟೋಗಳೂ ಕನ್ನಡಿಯಷ್ಟು ನಿಚ್ಚಳ. ಎಲ್ಲದರಲ್ಲೂ ಕಣ್ಣು ನೇರ ಹೋಗಿ ನಿಲ್ಲುವುದು ದವಡೆಯ ಮೂಲೆಯಲ್ಲಿ. ಹೆಂಡತಿ ನೋಡಿ ತಲೆಯಾಡಿಸಿದಳು.

"ಇದು ಫೋಟೋ ಅಲ್ಲ, ರಿಪೋರ್ಟು. ಗಡ್ಡೆಯನ್ನ ಡಾಕ್ಟರು ನೋಡ್ಕೊಳ್ತಾರೆ, ನೀವು ನನ್ನ ನೋಡಿ. ನಗು ಅನ್ನಿ."

"ನಗು."

"ಪೊಲೀಸರು ಹಂಗೆ ಹೇಳ್ತಾರೆ."

"ಮತ್ತೆ ಹೆಂಗೆ ಹೇಳ್ಬೇಕು?"

"ಹೇಳ್ಬೇಡಿ. ನಗಿಸಿ."

ಸಾವಿರ ವಾಹನಗಳ ಫೋಟೋ ತೆಗೆದವರು ಗೀರಪ್ಪನವರು. ಯಾವ ಕಾರಿಗೂ ಅವರು ನಗು ಎಂದವರಲ್ಲ. ಆದರೂ ತಮ್ಮ ಬತ್ತಳಿಕೆಯಲ್ಲಿದ್ದ ಏಕೈಕ ಬಾಣ ಹೂಡಿದರು. "ಒಂದು ಸಲ ಒಬ್ಬ ಕ್ಲೇಮಿಗೆ ಬಂದ. ಅವನು ಏನಂದ ಗೊತ್ತಾ? ಸಾರ್, ನಾನು ಸರಿಯಾಗೇ ಹೋಗ್ತಿದ್ದೆ..."

"ಮರ ರಾಂಗ್ ಸೈಡಲ್ಲಿ ಬಂತು. ಅಷ್ಟೇ ತಾನೇ? ಮದುವೆ ಆದಾಗಿಂದ ಬರ್ತಾನೇ ಇದೆ ಆ ಮರ."

ಗೀರಪ್ಪನವರೇ ನಗಲು ಹೊರಟರು. ನಗು ಕೆಮ್ಮಾಗಿ ಹೊರಬಿತ್ತು. ಆಕೆಯ ತುಟಿ ಒಂದಿಷ್ಟು ಅಲುಗಿ, ಬಿಗಿಯಾಗಿ ಕೂಡಿಕೊಂಡಿತು. ಅದೇ ಗಳಿಗೆಗೆ ಅವರು ಬಟನ್ ಒತ್ತಿದರು. ಮುಖ ನೇರವಾಗಿ ಬಂದಿತ್ತು. ಎರಡು ಕಣ್ಣೂ ಸಮ, ಬಾಯಿಯ ಎರಡು ತುದಿಯೂ ಸಮ.

"ಸಾಕು ಬಿಡಿ, ಇದೇ ಇರಲಿ," ಎಂದು ಆಕೆ ಎದ್ದಳು.

ಕೇಳಿದ್ದರಲ್ಲಿ ಅರ್ಧ ಸಿಕ್ಕಿದಾಗ ಕ್ಲೇಮಿನವರು ಸಹಿ ಹಾಕುತ್ತ ಹೇಳುತ್ತಿದ್ದ ಮಾತೇ ಅದು. ಗೀರಪ್ಪನವರಿಗೆ ಆ ದನಿಯ ಗುರುತು ಹತ್ತಿತು. ಆದರೂ ಇನ್ನೊಂದು ತೆಗೆಯುತ್ತೇನೆ ಕೂತುಕೋ ಎನ್ನುವ ಬದಲು ಕ್ಯಾಮೆರಾವನ್ನು ಚೀಲಕ್ಕೆ ಹಾಕಿದರು.

ಆಪರೇಷನ್ನಿನಲ್ಲಿ ಗಡ್ಡೆ ಪೂರ್ತಿ ಹೊರಬಂತು. ನರ ಉಳಿಯಲಿಲ್ಲ.

ಮನೆಗೆ ಬಂದಾಗ ಆಕೆಯ ಎಡಗೆನ್ನೆ ಯಾರೋ ಮರೆತು ಹೋದ ಪರದೆಯಂತೆ ಇಳಿಬಿದ್ದಿತ್ತು. ನೀರು ಕುಡಿದರೆ ಬಾಯಿಯ ಆ ಮೂಲೆಯಿಂದ ಸೋರುತ್ತಿತ್ತು. ಎಡಗಣ್ಣು ತಾನಾಗಿ ಮುಚ್ಚುತ್ತಿರಲಿಲ್ಲ. ಮಧ್ಯಾಹ್ನ ಮಲಗುವ ಮುಂಚೆ ಆಕೆ ಕನ್ನಡಿ ಕೇಳಿದಳು, ಆಮೇಲೆ ಕ್ಯಾಮೆರಾ ಕೇಳಿದಳು. ಗೀರಪ್ಪನವರು ಎರಡನ್ನೂ ಕೊಟ್ಟು ಮಂಚದ ಅಂಚಿನಲ್ಲಿ ಕೂತರು. ಕನ್ನಡಿಯನ್ನು ಆಕೆ ಬೇಗ ಕೆಳಗಿಟ್ಟಳು. ಫೋಟೋವನ್ನು ಬಹಳ ಹೊತ್ತು ನೋಡಿದಳು.

"ರೀ," ಎಂದಳು. ಮಾತು ಅರ್ಧ ತುಟಿಯಿಂದ ಬರುತ್ತಿತ್ತು. "ಆವತ್ತು ನಕ್ಕುಬಿಡಬೇಕಿತ್ತು ನಾನು."

"ಜೋಕೇ ಚೆನ್ನಾಗಿರಲಿಲ್ಲ ಕಣೇ."

"ಚೆನ್ನಾಗೇ ಇತ್ತು. ನಕ್ಕರೆ ಎಲ್ಲಿ ಅಳು ಬಂದುಬಿಡುತ್ತೋ ಅಂತ ತುಟಿ ಬಿಗಿ ಹಿಡ್ಕೊಂಡೆ."

ಗೀರಪ್ಪನವರು ಕ್ಯಾಮೆರಾ ತೆಗೆದುಕೊಂಡು ಆಫ್ ಮಾಡಿದರು. ಆಕೆ ದಿಂಬಿಗೊರಗಿ ಬಲಗಣ್ಣು ಮುಚ್ಚಿಕೊಂಡಳು. ತೆರೆದೇ ಉಳಿದ ಎಡಗಣ್ಣಿನ ರೆಪ್ಪೆಯನ್ನು ಅವರು ಬೆರಳ ತುದಿಯಿಂದ ಮೆಲ್ಲಗೆ ಕೆಳಗೆಳೆದು, ನರ್ಸು ಹೇಳಿಕೊಟ್ಟ ಹಾಗೆ ಪಟ್ಟಿ ಅಂಟಿಸಿದರು.