ಬರ್ತೀನಿ ಅನ್ನದೆ ಎದ್ದು ಬರುವುದು

ಯಾರ ಮನೆಗೆ ಹೋದರೂ ಅಲ್ಲಿಂದ ಎದ್ದು ಬರುವುದು ನನಗೊಂದು ದೊಡ್ಡ ಕೆಲಸ. ಕುರ್ಚಿಯಿಂದ ಏಳುವಾಗ ಒಮ್ಮೆ ‘ಬರ್ತೀನಿ’ ಅನ್ನುತ್ತೇನೆ. ಚಪ್ಪಲಿ ಹುಡುಕುವಾಗ ಇನ್ನೊಮ್ಮೆ. ಗೇಟಿನ ಚಿಲಕಕ್ಕೆ ಕೈಯಿಟ್ಟ ಮೇಲೆ ಹೊಸದೊಂದು ಮಾತು ತೆಗೆಯುತ್ತೇನೆ. ಮನೆಯಾಕೆ ಪಾಪ, ಒಲೆಯ ಮೇಲೆ ಹಾಲಿಟ್ಟು ಬಂದಿರುತ್ತಾಳೆ, ಕಾಲು ಬದಲಿಸುತ್ತ ನಿಂತಿರುತ್ತಾಳೆ. ನಮ್ಮ ಯಜಮಾನರು ಅಷ್ಟರಲ್ಲಿ ಸ್ಕೂಟರ್ ಸ್ಟಾರ್ಟ್ ಮಾಡಿ, ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿರುತ್ತಾರೆ. ನಾನು ಬಾಯಿ ಮುಚ್ಚಿಕೊಂಡು ಎದ್ದು ಬರುವ ಮನೆ ಒಂದೇ. ಅದು ಸಾವಾದ ಮನೆ.

ನಮ್ಮ ಕಡೆ ಸಾವಿನ ಮನೆಯಲ್ಲಿ ‘ಬರ್ತೀನಿ’ ಅನ್ನುವ ಹಾಗಿಲ್ಲ. ಅಂದರೆ ಇಂಥದ್ದೇ ಕೆಲಸಕ್ಕೆ ಮತ್ತೆ ಬರುತ್ತೇನೆ ಅಂದ ಹಾಗಾಗುತ್ತದೆ. ಹೋಗಬೇಕು, ಹಾರವೋ ಬಿಡಿಹೂವೋ ಇಡಬೇಕು, ಗೋಡೆ ಬದಿಗೆ ಸ್ವಲ್ಪ ಹೊತ್ತು ಕೂತು ಯಾರಿಗೂ ಹೇಳದೆ ಎದ್ದು ಬರಬೇಕು. ಮನೆಗೆ ಬಂದ ಮೇಲೆ ತಲೆಗೆ ನೀರು. ನಮ್ಮಲ್ಲಿ ಸೂತಕವಿಲ್ಲ ಎಂದು ಮಠದ ಸ್ವಾಮಿಗಳು ಹೇಳಿದಾಗ ಎಲ್ಲರಿಗಿಂತ ಜೋರಾಗಿ ತಲೆಯಾಡಿಸುತ್ತಿದ್ದ ನಮ್ಮತ್ತೆ, ಬಚ್ಚಲಿಗೆ ಹೋಗದೆ ಒಳಗೆ ಕಾಲಿಟ್ಟವರನ್ನು ಬಿಡುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಇಂಥ ಒಂದು ಮನೆಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ನನಗೆ ಪಾಠ ಮಾಡಿದ್ದರು. “ನಿನ್ನ ಬಾಯಿ ನಂಗೊತ್ತು ಕಣವ್ವ. ಅಲ್ಲಿ ಸಮಾಧಾನ ಹೇಳಕ್ಕೆ ಹೋಗ್ಬೇಡ. ಹೋಗಿ ಕುಂತ್ಕೊ. ಕುಂತಿದ್ದೇ ಮಾತು.”

ಈ ಪದ್ಧತಿ ಅರಸೀಕೆರೆಯಲ್ಲಾಗಲಿ ನನ್ನ ತವರು ಹಳೇಬೀಡಿನಲ್ಲಾಗಲಿ ನನಗೆ ಎಂದೂ ತೊಂದರೆ ಕೊಡಲಿಲ್ಲ. ತೊಂದರೆಯಾದದ್ದು ಫಿಲಿಪ್ಪೀನ್ಸಿನಲ್ಲಿ. ನಾನು ಆ ದೇಶ ಕಂಡವಳಲ್ಲ, ವಿಮಾನವನ್ನೇ ಹತ್ತಿದವಳಲ್ಲ. ಆದರೂ ಅಲ್ಲೊಂದು ಸಾವಿನ ಮನೆಗೆ ಹೋಗಿ, ಕೂತು, ಹೇಳದೆ ಎದ್ದು ಬಂದು, ಬರಲೇ ಇಲ್ಲ ಅನ್ನಿಸಿಕೊಂಡೆ.

ಹೇಗೆ ಅಂತ ಹೇಳುತ್ತೇನೆ. ನಾನು ಇಲ್ಲಿಯ ಕಾಲೇಜೊಂದರಲ್ಲಿ ಲೈಬ್ರೇರಿಯನ್. ಮನೆಯ ವ್ಯಾಪಾರ ಕೊಬ್ಬರಿ. ಎಲ್ಲರೂ ಬ್ಲಾಗ್ ಶುರು ಮಾಡುತ್ತಿದ್ದ ಕಾಲದಲ್ಲಿ ನಾನೂ ಒಂದನ್ನು ಶುರು ಮಾಡಿದೆ. ಹಳೇಬೀಡಿನಲ್ಲಿ ಹುಟ್ಟಿದವಳೆಂಬ ಜಂಬಕ್ಕೆ ಹೊಯ್ಸಳ ಶಿಲ್ಪದ ಮೇಲೆ ಪಾಂಡಿತ್ಯದ ಲೇಖನಗಳನ್ನು ಬರೆದೆ. ಅವನ್ನು ನಮ್ಮ ನೆಂಟರೂ ಓದಲಿಲ್ಲ. ಕೊನೆಗೆ ಬೇಸತ್ತು, ನನ್ನ ಕುಂಟುವ ಇಂಗ್ಲಿಷಿನಲ್ಲಿ ನಮ್ಮನೆ ಅಟ್ಟದ ವಿಷಯ ಬರೆದೆ. ಬಲಿತ ತೆಂಗಿನಕಾಯನ್ನು ಸಿಪ್ಪೆ ಸುಲಿಯದೆ ಅಟ್ಟಕ್ಕೆ ಹಾಕುತ್ತೇವೆ, ತಿಂಗಳುಗಟ್ಟಲೆ ಅದು ಅಲ್ಲೇ ಬಿದ್ದಿರುತ್ತದೆ, ಒಳಗಿನ ನೀರು ತಾನಾಗಿ ಇಂಗಿ ತಿರುಳು ಚಿಪ್ಪು ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ, ಅಷ್ಟೇ ಬರೆದದ್ದು. ಅದಕ್ಕೆ ಬಂತು ನನ್ನ ಜೀವಮಾನದ ಮೊದಲ ಕಾಮೆಂಟು.

ಬರೆದವಳು ನೇನಾ, ಫಿಲಿಪ್ಪೀನ್ಸಿನ ಒಂದು ದ್ವೀಪದ ಶಾಲೆಯ ಟೀಚರು. ಅವರದೂ ತೆಂಗಿನ ಸೀಮೆ. ಅಲ್ಲಿ ಕಾಯನ್ನು ಒಡೆದು, ಹೋಳನ್ನು ಬಿಸಿಲಿಗೋ ಹೊಗೆಗೋ ಹಾಕಿ ಒಣಗಿಸುತ್ತಾರಂತೆ. ಇಡೀ ಕಾಯಿ ಅಟ್ಟದಲ್ಲಿ ಕೊಳೆಯುವುದಿಲ್ಲವೇ, ಒಡೆಯದೆ ಒಳಗೆ ಕೊಬ್ಬರಿಯಾಗಿದೆಯೆಂದು ತಿಳಿಯುವುದು ಹೇಗೆ ಎಂದು ಕೇಳಿದ್ದಳು. ನಾನು ಅತ್ತೆಯ ಮುಂದೆ ಮೊಬೈಲು ಹಿಡಿದು ರೆಕಾರ್ಡ್ ಮಾಡಿದೆ. ಅತ್ತೆ ಒಂದೊಂದೇ ಕಾಯಿ ಎತ್ತಿ ಕುಲುಕಿದರು. “ಕೇಳಿಸ್ತೇನವ್ವಾ? ಇದು ಗಡಗಡ ಅಂತೈತೆ, ಆಗೈತೆ. ಇದರಲ್ಲಿ ಇನ್ನೂ ನೀರೈತೆ.” ಹೀಗೆಂದು, ಆ ಕಡೆಯಿಂದ ಉತ್ತರ ಬರುತ್ತದೆಂದು ಬಹಳ ಹೊತ್ತು ಕಿವಿಗೊಟ್ಟು ಕಾದರು. ಆ ಕಾಯುವುದೂ ರೆಕಾರ್ಡ್ ಆಗಿ ನೇನಾಳಿಗೆ ಹೋಯಿತು. ಅವಳು ಅದನ್ನು ಶಾಲೆಯ ಮಕ್ಕಳಿಗೆಲ್ಲ ಕೇಳಿಸಿದಳಂತೆ.

ನೇನಾ ಒಬ್ಬಳೇ ಬಂದವಳಲ್ಲ. ಅವಳ ಹಿಂದೆ ಅವಳ ಬಳಗವೇ ಬಂತು. ನಮ್ಮಲ್ಲಿ ಬ್ಲಾಗ್ ಬರೆಯುವವರು ಒಬ್ಬೊಬ್ಬರೇ ಬರೆದು ಒಬ್ಬೊಬ್ಬರೇ ಮುನಿಸಿಕೊಂಡು ನಿಲ್ಲಿಸುತ್ತಿದ್ದೆವು. ಅವರು ಹಾಗಲ್ಲ. ಪ್ರತಿಯೊಬ್ಬರ ಬ್ಲಾಗಿನ ಪಕ್ಕದಲ್ಲೂ ಗೆಳೆಯರ ಬ್ಲಾಗುಗಳ ಹೆಸರು ಸಾಲಾಗಿರುತ್ತಿತ್ತು. ಬಂದವರು ಒಂದು ಮಾತು ಕೂಗಿ ಹೋಗಲು ಪುಟ್ಟ ಪೆಟ್ಟಿಗೆ ಇರುತ್ತಿತ್ತು. ನೀನು ನನ್ನಲ್ಲಿಗೆ ಬಂದು ನಾಲ್ಕು ಸಾಲು ಬರೆದರೆ ನಾನು ನಿನ್ನಲ್ಲಿಗೆ ಬಂದು ಬರೆಯಲೇಬೇಕು. ಇದನ್ನು ನನಗೆ ಯಾರೂ ವಿವರಿಸಬೇಕಾಗಲಿಲ್ಲ. ನಮ್ಮ ಮದುವೆ ಮನೆಗಳ ಮುಯ್ಯಿ ಇದೇ ಅಲ್ಲವೇ? ಅರಿಶಿನ ಕುಂಕುಮಕ್ಕೆ ಕರೆದವಳ ಮನೆಗೆ ಹೋಗದೆ ಉಳಿದರೆ ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಅವಳು ಮುಖ ತಿರುಗಿಸುವುದೂ ಇದಕ್ಕೇ ಅಲ್ಲವೇ? ಬರವಣಿಗೆಯಲ್ಲಷ್ಟೇ ಪರಿಚಯವಾದವರು ಯಾವುದೋ ಊರಿನ ಹೋಟೆಲಿನಲ್ಲಿ ಎದೆಗೆ ಹೆಸರಿನ ಚೀಟಿ ಸಿಕ್ಕಿಸಿಕೊಂಡು ಕೂಡುತ್ತಿದ್ದರು, ಫೋಟೋ ಹಾಕುತ್ತಿದ್ದರು. ಅದರಲ್ಲಿ ಒಂದು ಖಾಲಿ ಕುರ್ಚಿಗೆ ನನ್ನ ಹೆಸರಿನ ಚೀಟಿ ಅಂಟಿಸಿದ್ದನ್ನು ಒಮ್ಮೆ ನೋಡಿ ಲೈಬ್ರರಿಯಲ್ಲಿ ಕೂತು ಅತ್ತುಬಿಟ್ಟೆ. ಪುಸ್ತಕ ಕೇಳಲು ಬಂದ ಹುಡುಗಿ ಹಾಗೇ ವಾಪಸು ಹೋದಳು.

ಆಮೇಲೆ ಸಾಮಾಜಿಕ ಜಾಲತಾಣಗಳು ಬಂದವು. ಬಳಗವೆಲ್ಲ ಗಂಟುಮೂಟೆ ಕಟ್ಟಿಕೊಂಡು ಅಲ್ಲೊಂದು ಗುಂಪು ಮಾಡಿ ನೆಲೆಸಿತು. ಅವರಲ್ಲಿ ಅರ್ಧ ಜನ ಊರಿನಲ್ಲಿಲ್ಲ. ಒಬ್ಬಳು ಮರುಭೂಮಿಯ ದೇಶದಲ್ಲಿ ಯಾರದೋ ಮುದುಕಿಯನ್ನು ನೋಡಿಕೊಳ್ಳುತ್ತಾಳೆ, ಒಬ್ಬ ಹಡಗಿನಲ್ಲಿ ಅಡುಗೆ ಮಾಡುತ್ತಾನೆ. ಅವರಿಗೆ ಈ ಗುಂಪೇ ಊರ ಜಗಲಿ. ಅರಸೀಕೆರೆಯಿಂದ ಹೋಗಿ ಆ ಜಗಲಿಯ ಮೂಲೆಯಲ್ಲಿ ಕೂತವಳು ನಾನು. ಮನೆಯಲ್ಲಿ ಬೇಸರವಾದಾಗ ಹೋಗಿ ಕೂರಲು ಒಂದು ಜಾಗ ಸಿಕ್ಕಿತ್ತು ಎಂದರೆ ನಿಮಗೆ ನಗು ಬರಬಹುದು. ನನಗೆ ಅದು ನಿಜ.

ಎಲ್ಲರೂ ಗುಂಪಿಗೆ ಹೋದರೂ ನೇನಾ ಮಾತ್ರ ತನ್ನ ಹಳೆಯ ಬ್ಲಾಗನ್ನು ಬಿಡಲಿಲ್ಲ. ಕಾಯಿಲೆ ಬಿದ್ದ ಮೇಲೂ ಅದರಲ್ಲೇ ಬರೆಯುತ್ತಿದ್ದಳು. ಒಂದು ದಿನ ಅದೇ ಬ್ಲಾಗಿನಲ್ಲಿ ಅವಳ ಮಗಳು ಮಾರಿಸೆಲ್ ಬರೆದಳು, ಅಮ್ಮ ಹೋದಳು ಎಂದು. ಅವರಲ್ಲಿ ದೇಹವನ್ನು ಕೆಲವು ದಿನ ಮನೆಯಲ್ಲೇ ಇಟ್ಟು, ಹೋದವರನ್ನು ಒಂಟಿಯಾಗಿ ಬಿಡಬಾರದೆಂದು ಜನ ಸರದಿಯ ಮೇಲೆ ಬಂದು ಕೂರುತ್ತಾರೆ, ಕಾಫಿ ಕುಡಿಯುತ್ತಾರೆ, ಇಸ್ಪೀಟು ಆಡುತ್ತಾರೆ, ಮಾತಾಡುತ್ತಲೇ ಇರುತ್ತಾರೆ. ದೂರ ಇರುವವರು ಇಲ್ಲಿಗೇ ಬನ್ನಿ, ಬ್ಲಾಗಿನಲ್ಲೇ ಅಮ್ಮನ ಜೊತೆ ಕೂತಿರಿ ಎಂದು ಮಾರಿಸೆಲ್ ಕೇಳಿಕೊಂಡಿದ್ದಳು. ಜನ ಬಂದರು. ನೇನಾಳ ಕೋಪದ ಕಥೆ, ಅವಳು ಸೀಯಿಸಿದ ಅಡುಗೆ, ಅವಳು ಹೇಳುತ್ತಿದ್ದ ಜೋಕು, ಏನೇನೋ ಬರೆದರು. ಕಾಮೆಂಟಿನ ಕೆಳಗೆ ಕಾಮೆಂಟು ಬೆಳೆಯಿತು.

ನಾನೂ ಹೋದೆ. ದಿನಾ ಹೋದೆ. ಲೈಬ್ರರಿಯ ಬಾಗಿಲು ಮುಂದಕ್ಕೆ ಮಾಡಿ, ಆ ಪುಟ ತೆರೆದು, ಅವಳ ಫೋಟೋ ಮುಂದೆ ಕೈಕಟ್ಟಿ ಕೂತೆ. ಎಲ್ಲರ ಮಾತನ್ನೂ ಓದಿದೆ. ಒಂದಕ್ಷರ ಬರೆಯಲಿಲ್ಲ. ಬರೆಯಬೇಕೆಂದು ಹೊಳೆಯಲೇ ಇಲ್ಲ ಅನ್ನುವುದು ಸರಿ. ಸಾವಿನ ಮನೆಯಲ್ಲಿ ಹೇಗಿರಬೇಕೆಂದು ನನ್ನ ಮೈಗೆ ಗೊತ್ತಿತ್ತು, ಹಾಗೇ ಇದ್ದು ಹೇಳದೆ ಎದ್ದು ಬಂದೆ. ಮನೆಗೆ ಬಂದು ಸ್ನಾನವನ್ನೂ ಮಾಡಿದೆ.

ಮಣ್ಣಾದ ಮೇಲೆ ಮಾರಿಸೆಲ್‌ಳಿಂದ ನನಗೊಂದು ಸಂದೇಶ ಬಂತು. ಅವರಲ್ಲಿ ಚಿಕ್ಕಮ್ಮನಿಗೆ ಟೀಟಾ ಅನ್ನುತ್ತಾರೆ. ಟೀಟಾ ಗಿರಿಜಾ, ಎಲ್ಲರೂ ಬಂದರು, ಹಡಗಿನಿಂದಲೂ ಬಂದರು, ನೀವು ಬರಲಿಲ್ಲ ಎಂದು ಬರೆದಿದ್ದಳು. ಕೊನೆಯ ದಿನಗಳಲ್ಲಿ ಅಮ್ಮ ಕಾಯಿ ಕುಲುಕುವ ಅಜ್ಜಿಯ ಸದ್ದು ಹಾಕಿಸಿಕೊಂಡು ಕೇಳುತ್ತಿದ್ದಳಂತೆ. ಅಮ್ಮನಿಂದ ನಿಮಗೇನಾದರೂ ನೋವಾಗಿದ್ದರೆ ಕ್ಷಮಿಸಿಬಿಡಿ ಎಂದಿದ್ದಳು. ಕೋಪದಿಂದ ಬರೆದಿದ್ದರೆ ತಡೆದುಕೊಳ್ಳಬಹುದಿತ್ತು. ತಾಯಿಯನ್ನು ಕಳೆದುಕೊಂಡ ಹುಡುಗಿ ನನ್ನ ಹತ್ತಿರ ಕ್ಷಮೆ ಕೇಳಿದ್ದಳು.

ಬೇಲೂರು ಹಳೇಬೀಡಿನ ಶಿಲ್ಪಿಗಳಲ್ಲಿ ಹಲವರು ತಮ್ಮ ಕೆತ್ತನೆಯ ಕೆಳಗೆ ಹೆಸರು ಕೊರೆದಿದ್ದಾರೆ. ಬರೀ ಹೆಸರಲ್ಲ, ಊರು, ಬಿರುದು, ಎದುರಾಳಿ ಶಿಲ್ಪಿಗಳ ಪಾಲಿಗೆ ತಾನು ಎಂಥ ಸಿಡಿಲು ಎಂಬ ಬಡಾಯಿ. ಈಗಿನವರ ಪ್ರೊಫೈಲಿಗೂ ಅದಕ್ಕೂ ದೊಡ್ಡ ವ್ಯತ್ಯಾಸವೇನಿಲ್ಲ. ಚಿಕ್ಕವಳಿದ್ದಾಗ ಆ ಗೋಡೆಗಳ ಸುತ್ತ ಆಡಿ ಬೆಳೆದ ನನಗೆ ಹೆಸರು ಕೊರೆಯದೆ ಹೋದವರ ಮೇಲೇ ಅಭಿಮಾನ. ಕಲ್ಲು ಹೊತ್ತವರು, ಉಳಿ ಹದ ಮಾಡಿದವರು, ಮೂಲೆಯ ಒಂದು ಆನೆಯನ್ನಷ್ಟೇ ಕಡೆದು ಊರಿಗೆ ಹೋದವರು. ಬಂದದ್ದಕ್ಕೆ ಗುರುತು ಬೇಡವೆಂಬುದು ದೊಡ್ಡತನ ಅಂದುಕೊಂಡಿದ್ದೆ. ಮಾರಿಸೆಲ್‌ಳ ಸಂದೇಶ ಓದಿದ ಮೇಲೆ ಆ ದೊಡ್ಡತನ ನನಗೆ ಏನೇನೂ ಕೆಲಸಕ್ಕೆ ಬರಲಿಲ್ಲ.

ಅತ್ತೆಗೆ ಹೇಳಿದೆ. ಅವರಿಗೆ ಸಿಟ್ಟೇ ಬಂತು. ಬಂದು ಕೂತಿದ್ದವಳನ್ನು ಬರಲಿಲ್ಲ ಅನ್ನುವುದಕ್ಕೆ ಅವರಿಗೇನು ಕಣ್ಣು ಕಾಣುವುದಿಲ್ಲವೇ ಎಂದರು. ಇಲ್ಲ ಅತ್ತೆ, ಅಲ್ಲಿ ಯಾರು ಬಂದು ಕೂತರೂ ಕಾಣುವುದಿಲ್ಲ, ಬರೆದರೆ ಮಾತ್ರ ಬಂದ ಲೆಕ್ಕ ಎಂದೆ. ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು.

“ಹಂಗಾದ್ರೆ ಕತ್ಲೆ ಮನೆ ಅನ್ನು. ಕತ್ಲೆ ಮನೆಗೆ ಹೋದೋರು ಒಂದ್ಸಲ ಕೆಮ್ಮಬೇಕು ಕಣೇ.”

ಅದನ್ನು ಹಾಗೆಯೇ ಮಾರಿಸೆಲ್‌ಗೆ ಬರೆದೆ. ನಮ್ಮ ಪದ್ಧತಿಯನ್ನೂ, ಅತ್ತೆಯ ಕೆಮ್ಮನ್ನೂ. ದಿನಾ ಬಂದು ಕೂತಿದ್ದೆ ಮಗಳೇ, ನಿಮ್ಮಮ್ಮನಿಗೆ ಸಿಟ್ಟು ಬಂದಾಗ ಕನ್ನಡಕ ಎಲ್ಲಿ ಬಚ್ಚಿಡುತ್ತಿದ್ದಳೆಂದು ಹಡಗಿನ ಅಡುಗೆಯವನು ಬರೆದದ್ದನ್ನೂ ಓದಿದ್ದೇನೆ ಎಂದೆ. ನಂಬುತ್ತಾಳೋ ಇಲ್ಲವೋ ಎಂಬ ಭಯ ಇತ್ತು. ಆ ಜಗಲಿಗೆ ಮತ್ತೆ ಯಾವ ಮುಖ ಇಟ್ಟುಕೊಂಡು ಹೋಗುವುದು ಎಂಬ ಸಂಕಟವೂ ಇತ್ತು. ಉತ್ತರ ಬರುವವರೆಗೆ ಊಟ ರುಚಿಸಲಿಲ್ಲ.

ಉತ್ತರ ಬಂತು, ಉದ್ದಕ್ಕೇ ಬಂತು. ಅವರಲ್ಲೂ ಹಾಗೇ ಅಂತೆ. ಅಷ್ಟೆಲ್ಲ ಮಾತಾಡಿದರೂ ಹೊರಡುವಾಗ ಯಾರೂ ಹೋಗಿ ಬರುತ್ತೇನೆ ಅನ್ನುವುದಿಲ್ಲವಂತೆ. ಮನೆಯವರು ಬಂದವರನ್ನು ಬಾಗಿಲ ತನಕ ಕಳಿಸಿಕೊಡುವ ಹಾಗಿಲ್ಲವಂತೆ, ಕಳಿಸಿದರೆ ಇನ್ನೊಂದು ಸಾವನ್ನು ಕರೆದ ಹಾಗಂತೆ. ಕೊನೆಗೆ ಬರೆದಿದ್ದಳು: ನಿಮ್ಮಲ್ಲಿ ಮಾತಾಡಬಾರದು ಅಂತಿದ್ದರೆ ಬೇಡ ಟೀಟಾ, ಅಜ್ಜಿ ಹೇಳಿದ ಹಾಗೆ ಕೆಮ್ಮಿ, ಒಂದು ಚುಕ್ಕೆ ಇಡಿ ಸಾಕು, ಯಾರೋ ಕೂತಿದ್ದಾರೆಂದು ಗೊತ್ತಾಗುತ್ತದೆ. ನೇನಾಳ ಪುಟಕ್ಕೆ ಹೋಗಿ, ಎಲ್ಲರ ಮಾತಿನ ಕೆಳಗೆ, ಒಂದು ಚುಕ್ಕೆ ಇಟ್ಟು ಬಂದೆ. ಬಾಗಿಲ ಸಂಗತಿಯನ್ನು ಅತ್ತೆಗೆ ಓದಿ ಹೇಳಿದಾಗ ಅವರು, “ನಮ್ಮೋರೇ ಬಿಡು” ಎಂದು ಮತ್ತೆ ಬತ್ತಿ ಹೊಸೆಯತೊಡಗಿದರು.

ಕಳೆದ ಮಾಘದಲ್ಲಿ ಅತ್ತೆ ಹೋದರು. ಬೆಳಿಗ್ಗೆ ಅಟ್ಟದ ಏಣಿಯ ಕೆಳಗೆ ನಿಂತು ಯಾವ ಕಾಯಿ ಇಳಿಸಬೇಕೆಂದು ಆಳಿಗೆ ಹೇಳಿದವರು, ಮಧ್ಯಾಹ್ನ ಮಲಗಿದಲ್ಲೇ ಶಿವನ ಪಾದ ಸೇರಿದರು. ಊರಿನವರು ಬಂದರು, ಮಾದಿಹಳ್ಳಿಯಿಂದ, ಬಾಣಾವರದಿಂದ ನೆಂಟರು ಬಂದರು, ಕೂತರು, ಹೇಳದೆ ಎದ್ದು ಹೋದರು. ಆ ಗಲಾಟೆಯ ನಡುವೆ ಗುಂಪಿನಲ್ಲಿ ಎರಡು ಸಾಲು ಹಾಕಿದ್ದೆ, ಕಾಯಿ ಕುಲುಕುತ್ತಿದ್ದ ನಮ್ಮ ಅಜ್ಜಿ ಇನ್ನಿಲ್ಲ ಎಂದು. ಮತ್ತೆ ಅತ್ತ ನೋಡಲು ಆಗಲಿಲ್ಲ.

ಕಾರ್ಯವೆಲ್ಲ ಮುಗಿದು ಮನೆ ಖಾಲಿಯಾದ ಮೇಲೆ, ರಂಗೋಲಿಯಿಲ್ಲದ ಬಾಗಿಲಲ್ಲಿ ಕೂತು ಮೊಬೈಲು ತೆಗೆದೆ. ನನ್ನ ಎರಡು ಸಾಲಿನ ಕೆಳಗೆ ಒಂದು ಮಾತೂ ಇರಲಿಲ್ಲ. ಮೊದಲು ಮಾರಿಸೆಲ್‌ಳ ಹೆಸರು, ಅದರ ಮುಂದೆ ಒಂದು ಚುಕ್ಕೆ. ಅದರ ಕೆಳಗೆ ಹಡಗಿನ ಅಡುಗೆಯವನು, ಒಂದು ಚುಕ್ಕೆ. ಮರುಭೂಮಿಯಲ್ಲಿ ಮುದುಕಿಯನ್ನು ನೋಡಿಕೊಳ್ಳುವವಳು, ಒಂದು ಚುಕ್ಕೆ. ನನಗೆ ಗೊತ್ತಿರುವವರು, ಗೊತ್ತಿಲ್ಲದವರು, ಬೆರಳಿನಿಂದ ಎಷ್ಟು ಮೇಲೆ ಸರಿಸಿದರೂ ಚುಕ್ಕೆ. ಒಂದು ನಿಮಿಷ ಬಾಯಿ ಸುಮ್ಮನಿರದ ಜನ ಅದು. ಮಾರಿಸೆಲ್ ನಮ್ಮ ಪದ್ಧತಿ ಹೇಳಿಕೊಟ್ಟಿರಬೇಕು, ಸಾಲಾಗಿ ಬಂದು ನಮ್ಮ ಅಂಗಳದಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದರು.

ಎಲ್ಲರಿಗೂ ಏನಾದರೂ ಬರೆಯಬೇಕೆಂದು ಕೈ ಹೋಯಿತು. ಗೇಟಿನ ತನಕ ಹೋಗಿ ಮಾತು ತೆಗೆಯುವ ಚಟ ಸುಮ್ಮನೆ ಬಿಡುತ್ತದೆಯೇ? ಆಮೇಲೆ ನೇನಾಳ ಊರಿನ ಪದ್ಧತಿ ನೆನಪಾಯಿತು. ಅವರು ನಮ್ಮ ರೀತಿಯಲ್ಲಿ ಬಂದಿದ್ದರು, ನಾನು ಅವರ ರೀತಿಯಲ್ಲಿ ನಡೆದುಕೊಂಡೆ. ಯಾರನ್ನೂ ಬಾಗಿಲ ತನಕ ಕಳಿಸಿಕೊಡಲಿಲ್ಲ. ಅವರು ಇನ್ನೂ ಅಲ್ಲೇ ಕೂತಿದ್ದಾರೆ.