ಊದುಬತ್ತಿಗೆ ಸರಿಹೋದ ಹಿತ್ತಾಳೆ ನಳಿಗೆ

ಹಿತ್ತಾಳೆ ನಳಿಗೆಯ ಬಾಯಲ್ಲಿ ಎರಡು ಊದುಬತ್ತಿಗಳು ಉರಿಯುತ್ತಿದ್ದವು. ನಳಿಗೆಯ ಇನ್ನೊಂದು ತುದಿ ಅಕ್ಕಿ ತುಂಬಿದ ಲೋಟದಲ್ಲಿ ಹೂತಿತ್ತು. ನಡುವೆ ಅರಿಸಿನ, ಅದರ ಮೇಲೆ ಕುಂಕುಮದ ಬೊಟ್ಟು.

ಅವತ್ತು ಆಯುಧಪೂಜೆ. ನಾನು ಇಂಗ್ಲೆಂಡಿನ ಬರ್ಚ್‌ವುಡ್‌ನ ಆಫೀಸಿನಿಂದ ಆಗತಾನೇ ಬಂದಿದ್ದೆ. ಮೈಸೂರಿನಿಂದ ನನ್ನ ಜೊತೆ ಇರಲು ಬಂದಿದ್ದ ಅಮ್ಮ, ಹೊಗೆ ಅಲಾರಂ ಕಿರುಚದಿರಲೆಂದು ಅಡುಗೆಮನೆಯ ಕಿಟಕಿ ತೆರೆದಿಟ್ಟು, ಸ್ವೆಟರ್ ಮೇಲೆ ಶಾಲು ಹೊದ್ದು ಕೂತಿದ್ದಳು. ಊದುಬತ್ತಿ ಸ್ಟ್ಯಾಂಡ್ ತರುವುದನ್ನು ಅವಳು ಮರೆತಿದ್ದಳು. ಹಿಂದಿನ ದಿನದವರೆಗೂ ಅರ್ಧ ಆಲೂಗಡ್ಡೆಯೇ ಆ ಕೆಲಸ ಮಾಡುತ್ತಿತ್ತು.

"ಇದೆಲ್ಲಿ ಸಿಕ್ತಮ್ಮ?"

"ಸಿಂಕ್ ಪಕ್ಕ ಬಿದ್ದಿತ್ತು. ಕಪ್ಪಾಗಿತ್ತು, ಹುಣಸೆಹಣ್ಣು ಹಾಕಿ ತಿಕ್ಕಿದೆ. ಅಳತೆ ಕೊಟ್ಟು ಮಾಡಿಸಿದ ಹಾಗಿದೆ. ಇಂಥದ್ದು ಮನೇಲಿ ಇಟ್ಕೊಂಡು ನಂಗೆ ಆಲೂಗಡ್ಡೆ ಕೊಟ್ಟಿದ್ದೀಯಲ್ಲೇ."

ಅಳತೆ ನೋಡಿಯೇ ಕೊಂಡದ್ದು ಅದು. ಆದರೆ ಊದುಬತ್ತಿಯ ಅಳತೆಯಲ್ಲ. ಅದು ನನ್ನ ಪಿಸ್ತೂಲಿನ ಒಳನಳಿಗೆ.

ಗಾಬರಿ ಬೀಳುವಂಥದ್ದೇನಿಲ್ಲ. ಈ ದೇಶದಲ್ಲಿ ನಮ್ಮಂಥವರ ಕೈಗೆ ನಿಜವಾದ ಪಿಸ್ತೂಲು ಸಿಗುವುದಿಲ್ಲ. ನನ್ನದು ಏರ್‌ಸಾಫ್ಟ್: ಕುದುರೆ ಒತ್ತಿದಾಗಲೆಲ್ಲ ಗ್ಯಾಸಿನ ಬಲದಿಂದ ಒಂದು ಪ್ಲಾಸ್ಟಿಕ್ ಮಣಿ ಹೊರಗೆ ಹಾರುತ್ತದೆ, ಮುಂದಿನ ಮಣಿ ತಾನಾಗಿಯೇ ಬಂದು ಕೂರುತ್ತದೆ. ನಿಜವಾದದ್ದೆಂದು ಯಾರೂ ತಪ್ಪು ತಿಳಿಯಬಾರದೆಂದು ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಗಾಢ ಬಣ್ಣವಿದೆ. ನನ್ನದು ನೀಲಿ, ಬಚ್ಚಲುಮನೆಯ ಮಗ್ಗಿನ ನೀಲಿ. ಶನಿವಾರದ ಬೆಳಗ್ಗೆ ಅದನ್ನು ಚೀಲದಲ್ಲಿಟ್ಟುಕೊಂಡು ಮ್ಯಾಂಚೆಸ್ಟರ್ ಅಂಚಿನ ಹಳೇ ಹತ್ತಿಗಿರಣಿಯೊಂದಕ್ಕೆ ಹೋಗುತ್ತೇನೆ. ಅಲ್ಲಿ ಮೇಲಿನ ಮಹಡಿಯಲ್ಲಿ ನಮ್ಮ ಕ್ಲಬ್ಬಿನ ಹತ್ತಾರು ಜನ ಕಣ್ಣಿನ ರಕ್ಷಣೆಗೆ ದಪ್ಪ ಕನ್ನಡಕ ಹಾಕಿಕೊಂಡು ತಗಡಿನ ಬಿಲ್ಲೆಗಳನ್ನು ಬೀಳಿಸುತ್ತೇವೆ.

ಅಮ್ಮನಿಗೆ ಬ್ಯಾಡ್ಮಿಂಟನ್ ಎಂದು ಹೇಳಿದ್ದೆ. ನಾಚಿಕೆಯಿಂದಲ್ಲ. ನಿಜ ಹೇಳಿದರೆ ವಿವರಿಸಬೇಕು, ವಿವರಿಸಿದರೆ ಅದು ಮೈಸೂರಿನ ಚಿಕ್ಕಮ್ಮನಿಗೆ ತಲುಪುತ್ತದೆ, ಚಿಕ್ಕಮ್ಮನಿಗೆ ತಲುಪಿದ್ದು ಎಲ್ಲರಿಗೂ ತಲುಪುತ್ತದೆ. ನನ್ನದೇ ಅಂತ ಒಂದು ವಿಷಯ ಇರಲಿ ಅನಿಸಿತ್ತು.

ಪಿಸ್ತೂಲಿನ ಜೊತೆ ಬಂದ ನಳಿಗೆ ಸಾಧಾರಣದ್ದಾಗಿತ್ತು. ಬದಲಿಸಲು ಎರಡನ್ನು ತರಿಸಿದ್ದೆ, ಒಂದು ಹಿತ್ತಾಳೆಯದು, ಒಂದು ಸ್ಟೀಲಿನದು. ಸ್ಟೀಲಿನದರ ರಂಧ್ರ ತುಸು ಬಿಗಿ. ಮಣಿ ಅತ್ತಿತ್ತ ಅಲ್ಲಾಡದೆ ನೇರ ಹೋಗುತ್ತದೆ, ಆದರೆ ಒಂದು ಮಣಿಗೆ ಧೂಳು ಮೆತ್ತಿದ್ದರೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಿತ್ತಾಳೆಯದು ಕೂದಲೆಳೆಯಷ್ಟು ಸಡಿಲ. ಗುರಿ ಒಂದಿಷ್ಟು ಹರಡಿದರೂ ಯಾವ ಮಣಿಯನ್ನೂ ತಡೆಯುವುದಿಲ್ಲ. ಕೊಳವೆಗಳ ಬಗ್ಗೆ ವರದಿ ಬರೆಯುವುದೇ ನನ್ನ ಉದ್ಯೋಗ, ಹಾಗಾಗಿ ಈ ಪುಟ್ಟ ಕೊಳವೆಗಳನ್ನೂ ಅಷ್ಟೇ ಗಂಭೀರವಾಗಿ ಪರೀಕ್ಷಿಸಿದ್ದೆ. ಗೆದ್ದದ್ದು ಹಿತ್ತಾಳೆ. ತೊಳೆದು, ಎರಡನ್ನೂ ಸಿಂಕಿನ ಪಕ್ಕ ಒಣಗಲು ಬಿಟ್ಟು ಆಫೀಸಿಗೆ ಹೋಗಿದ್ದೆ.

ಮರುದಿನ ಬೆಳಗ್ಗೆ ಆಯ್ಕೆ. ಲೀಡ್ಸ್‌ನ ಪಂದ್ಯಕ್ಕೆ ಹೋಗುವ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಅದಕ್ಕೆ ನಾನು, ಮತ್ತು ನಿವೃತ್ತ ದಂತವೈದ್ಯರೊಬ್ಬರು. ಸಣ್ಣ ತೂತುಗಳ ವಿಷಯದಲ್ಲಿ ಅವರಿಗೆ ಜೀವಮಾನದ ಅಭ್ಯಾಸ. ಯಾವ ತಂಡಕ್ಕೂ ಎಂದೂ ಸೇರದ ನನಗೆ ಆ ಜಾಗ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಯಾರಿಗೂ ಹೇಳಿರಲಿಲ್ಲ.

"ಅಮ್ಮ, ಅದು ನಂಗೆ ಬೇಕಿತ್ತು," ಅಂದೆ.

"ನಾಳೆ ಪೂಜೆ ಆಗದೆ ಕದಲಿಸೋ ಹಾಗಿಲ್ಲ."

ಇದು ನನಗೂ ಗೊತ್ತು. ಆಯುಧಪೂಜೆಗೆ ಇಟ್ಟದ್ದನ್ನು ವಿಜಯದಶಮಿಯ ಪೂಜೆಯ ತನಕ ಮುಟ್ಟುವುದಿಲ್ಲ. ಶಾಲೆಯಲ್ಲಿದ್ದಾಗ ಗಣಿತದ ಪುಸ್ತಕವನ್ನೇ ಮೊದಲು ಇಡುತ್ತಿದ್ದೆ.

"ಬದಲಿಗೆ ಈ ಸ್ಟೀಲಿನದು ಇಡೋಣ. ಅಳತೆ ಹೆಚ್ಚುಕಮ್ಮಿ ಒಂದೇ."

"ದೇವರ ಮುಂದೆ ಸ್ಟೀಲಾ? ಅದೂ ಅಲ್ಲೇ ಇತ್ತಲ್ಲ, ಬೇಕಂತಲೇ ಬಿಟ್ಟಿದ್ದು. ಅಷ್ಟಕ್ಕೂ ಏನೇ ಅದು? ಬ್ಯಾಟಿನ ಹಿಡಿಯೊಳಗೆ ಹಾಕೋದಾ?"

ಸ್ಟೀಲಿನದನ್ನೇ ಹಾಕಿಕೊಂಡು ಸುಮ್ಮನಿರಬಹುದಿತ್ತು. ಬಿಗಿ ನಳಿಗೆಯಲ್ಲಿ ಮಣಿ ಸಿಕ್ಕಿಕೊಳ್ಳುವುದನ್ನು, ದಂತವೈದ್ಯರು ಸಭ್ಯವಾಗಿ ಬೇರೆ ಕಡೆ ನೋಡುವುದನ್ನು ಊಹಿಸಿಕೊಂಡೆ. ಆಮೇಲೆ ಒಳಗೆ ಹೋಗಿ ಬೀರುವಿನಲ್ಲಿ ಸಾಕ್ಸ್ ಕೆಳಗಿದ್ದ ಚೀಲ ತಂದು, ಪಿಸ್ತೂಲನ್ನು ಅವಳ ಮುಂದೆ ಇಟ್ಟೆ. ಏನು, ಎಲ್ಲಿ, ಯಾಕೆ, ಎಲ್ಲ ಹೇಳಿದೆ.

ಅಮ್ಮ ಶಾಲು ಸರಿಸಿ, ಬಗ್ಗಿ ಅದನ್ನು ನೋಡಿದಳು.

"ಬ್ಯಾಡ್ಮಿಂಟನ್ ಆಡಿ ಬಂದವಳು ಒಂದಿನಾನೂ ಬೆವರಿರಲ್ಲ. ಇಲ್ಲಿನ ಚಳಿ ಅಂದ್ಕೊಂಡಿದ್ದೆ."

"ಬೇಜಾರಾಯ್ತಾ?"

"ಆಗದೆ? ಈಳಿಗೆಮಣೆ ಇಲ್ಲ ಅಂತ ಆಲೂಗಡ್ಡೆ ಸಿಪ್ಪೆ ತೆಗೆಯೋದಕ್ಕೆ ಕುಂಕುಮ ಇಟ್ಟೆ. ನಿನ್ನ ಲ್ಯಾಪ್‌ಟಾಪಿಗೆ ಇಟ್ಟೆ. ಮನೇಲಿದ್ದ ಒಂದೇ ಒಂದು ಆಯುಧ, ಅದು ಸಾಕ್ಸ್ ಕೆಳಗೆ ಮಲಗಿದೆ. ಹಬ್ಬದ ದಿನ."

"ಅದು ನಿಜವಾದದ್ದಲ್ಲಮ್ಮ."

"ಲ್ಯಾಪ್‌ಟಾಪಿಗಿಂತ ನಿಜ. ತಾ ಇಲ್ಲಿ." ಒರೆಸಿ, ನೀಲಿ ಹಿಡಿಗೆ ಬೊಟ್ಟಿಟ್ಟು, ಸಿಪ್ಪೆ ತೆಗೆಯುವುದರ ಪಕ್ಕದಲ್ಲಿ ಇಟ್ಟಳು. "ಎಷ್ಟು ಹೊತ್ತಿಗೆ ಹೊರಡಬೇಕು?"

"ಎಂಟಕ್ಕೆ."

"ಹಾಗಾದ್ರೆ ಪೂಜೆ ಆರಕ್ಕೆ. ತಲೆಗೆ ಸ್ನಾನ ಮಾಡು. ನಾನೂ ಬರ್ತೀನಿ."

"ನೀನು ಯಾಕಮ್ಮ?"

"ನನ್ನ ಊದುಬತ್ತಿ ಸ್ಟ್ಯಾಂಡ್ ಕಿತ್ಕೊಂಡು ಹೋಗ್ತಿದ್ದೀಯ. ಏನು ಮಾಡ್ತೀಯ ಅಂತ ನೋಡ್ಬೇಕು."

"ಚಿಕ್ಕಮ್ಮನಿಗೆ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ," ಅಂದಳು ಅಮ್ಮ.

ಮರುದಿನ ಬೆಳಗ್ಗೆ ಪೂಜೆ ಮುಗಿದ ಮೇಲೆ ನಳಿಗೆಯನ್ನು ಅಕ್ಕಿಯಿಂದ ಎತ್ತಿ, ಸ್ಪಿರಿಟ್ ಅದ್ದಿದ ಬಟ್ಟೆಯನ್ನು ಬೂದಿ ಬರುವುದು ನಿಲ್ಲುವ ತನಕ ಅದರೊಳಗೆ ಎಳೆದೆ. ಹುಣಸೆಹಣ್ಣು ಏನು ಮಾಡಿದೆಯೋ ತಿಳಿಯುವಂತಿರಲಿಲ್ಲ. ಬೆಳಕಿಗೆ ಹಿಡಿದರೆ ಒಳಗೆಲ್ಲ ಚಿನ್ನದ ಹಾಗೆ ಹೊಳೆಯುತ್ತಿತ್ತು. ಅದನ್ನು ಪಿಸ್ತೂಲಿಗೆ ಸೇರಿಸಿ, ಅಮ್ಮನಿಗೆ ಹೊಸ ಆಲೂಗಡ್ಡೆಯೊಂದನ್ನು ಕತ್ತರಿಸಿ ಕೊಟ್ಟೆ. ಇಬ್ಬರೂ ಹೊರಟೆವು.

ಗಿರಣಿಯಲ್ಲಿ ದಂತವೈದ್ಯರ ಸರದಿ ಮೊದಲು. ಅವರ ಗುರಿ ಎರಡು ಬಿಲ್ಲೆಗೆ ತಪ್ಪಿತು. ನನ್ನದು ಒಂದಕ್ಕೆ ಮಾತ್ರ. ಒಂದು ಮಣಿಯೂ ಸಿಕ್ಕಿಕೊಳ್ಳಲಿಲ್ಲ. ಇಡೀ ಮಹಡಿಯಲ್ಲಿ ಸಣ್ಣಗೆ ಗಂಧದ ವಾಸನೆ. ದಂತವೈದ್ಯರು ನನ್ನ ಕೈ ಕುಲುಕಿ, ಯಾವ ಎಣ್ಣೆ ಬಳಸುತ್ತೀರಿ ಎಂದು ಕೇಳಿದರು.

ಹಿಂದೆ ಬೆಂಚಿನ ಮೇಲೆ ಅಮ್ಮ ತನ್ನ ಕನ್ನಡಕದ ಮೇಲೆ ಕ್ಲಬ್ಬಿನ ಕನ್ನಡಕ ಹಾಕಿಕೊಂಡು, ಫೋನನ್ನು ಎತ್ತರಕ್ಕೆ ಹಿಡಿದಿದ್ದಳು. ಫೋನಿನೊಳಗಿಂದ ಚಿಕ್ಕಮ್ಮನ ದನಿ ಕೇಳುತ್ತಿತ್ತು: "ಎಲ್ಲೇ, ಕಾಣ್ತಿಲ್ಲ, ನೀಲಿದು ಯಾವ್ದು?"

ನಾನು ಪಿಸ್ತೂಲನ್ನು ಖಾಲಿ ಮಾಡಿ ಮೇಜಿನ ಮೇಲಿಟ್ಟು, ಫೋನಿನ ಕಡೆ ತಿರುಗಿ ಕೈ ಬೀಸಿದೆ.